ನಾಲ್ಕನೆಯ ನಾಯಿ: ಸಾಕುಪ್ರಾಣಿಗಳ ಸಂಖ್ಯೆಗೆ ಕಾನೂನಿನ ಮಿತಿ



ಒಂದು ಮನೆಯವರು ಎಷ್ಟು ನಾಯಿ, ಎಷ್ಟು ಬೆಕ್ಕು ಸಾಕಬಹುದು ಎಂದು ಕಾನೂನು ಹೇಳಬಹುದೇ? ಹೇಳುವುದಾದರೆ ಹೇಗೆ ಹೇಳಬೇಕು? ಇವತ್ತಿನ ಉಪನ್ಯಾಸದ ವಿಷಯ ಇಷ್ಟೇ. ನಾನು ಪಶುವೈದ್ಯನಾಗಿ ಸರ್ಕಾರಿ ಸೇವೆಯಲ್ಲಿದ್ದು ನಿವೃತ್ತನಾದವನು. ಕಾನೂನನ್ನು ಪುಸ್ತಕದಲ್ಲಿ ಓದಿದ್ದಕ್ಕಿಂತ ಅದು ಜನರ ಮನೆಬಾಗಿಲಿಗೆ ಬಂದು ನಿಂತಾಗ ಏನಾಗುತ್ತದೆ ಎಂಬುದನ್ನು ಹೆಚ್ಚು ನೋಡಿದವನು. ಆ ನೆಲೆಯಿಂದಲೇ ಮಾತನಾಡುತ್ತೇನೆ.

ಮೊದಲಿಗೆ ನಮ್ಮ ಬೆಂಗಳೂರಿನಲ್ಲಿ 2018ರಲ್ಲಿ ನಡೆದದ್ದನ್ನು ನೆನಪಿಸುತ್ತೇನೆ. ಅಲ್ಲಿಂದ, ಮಿತಿ ಬೇಕು ಎನ್ನುವವರ ವಾದಕ್ಕೆ ಬರುತ್ತೇನೆ. ಆ ವಾದದಲ್ಲಿ ಹುರುಳಿದೆ. ಬಳಿಕ ಹೊರದೇಶಗಳ ಕಾನೂನು ಮತ್ತು ನ್ಯಾಯಾಲಯಗಳು ಈ ಪ್ರಶ್ನೆಯನ್ನು ಹೇಗೆ ಎದುರಿಸಿವೆ ಎಂದು ನೋಡಿ, ಕೊನೆಗೆ ನಮ್ಮ ನಗರಗಳು ಹೊಸ ನಿಯಮ ಬರೆಯುವುದಾದರೆ ಅದರಲ್ಲಿ ಏನಿರಬೇಕು ಎಂಬ ನನ್ನ ಅಭಿಪ್ರಾಯ ಹೇಳುತ್ತೇನೆ. ಬೀದಿನಾಯಿಗಳ ಸಮಸ್ಯೆ ಬೇರೆಯೇ ಉಪನ್ಯಾಸ ಬೇಡುವಷ್ಟು ದೊಡ್ಡದು. ನಮ್ಮ ವಿಷಯಕ್ಕೆ ತಾಗಿದಲ್ಲಿ ಮಾತ್ರ ಅದನ್ನು ಮುಟ್ಟುತ್ತೇನೆ.

2018ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗಾಗಿ ಸಾಕುನಾಯಿಗಳ ಲೈಸೆನ್ಸ್ ಕುರಿತ ಬೈಲಾ ಹೊರಬಂತು. ಅಪಾರ್ಟ್‌ಮೆಂಟಿನ ಒಂದು ಫ್ಲ್ಯಾಟಿಗೆ ಒಂದೇ ನಾಯಿ, ಸ್ವತಂತ್ರ ಮನೆಯಾದರೆ ಹೆಚ್ಚೆಂದರೆ ಮೂರು. ಫ್ಲ್ಯಾಟಿನಲ್ಲಿ ಯಾವ ತಳಿ ಸಾಕಬಹುದು ಎಂಬುದಕ್ಕೂ ಒಂದು ಪಟ್ಟಿ. ಲೈಸೆನ್ಸ್ ಕಡ್ಡಾಯ, ತಪ್ಪಿದರೆ ದಂಡ. ಸುದ್ದಿ ಪತ್ರಿಕೆಗಳಲ್ಲಿ ಬಂದ ಕೂಡಲೇ ನಗರದಲ್ಲಿ ಗದ್ದಲವೆದ್ದಿತು. ಪ್ರಾಣಿದಯಾ ಸಂಘಟನೆಗಳು, ನಾಯಿ ಸಾಕಿದವರು, ಬೀದಿಯಿಂದ ಮರಿಗಳನ್ನು ಎತ್ತಿ ತಂದು ಆರೈಕೆ ಮಾಡುವವರು ಒಟ್ಟಾಗಿ ವಿರೋಧಿಸಿದರು. ಸರ್ಕಾರ ಅದನ್ನು ತಡೆಹಿಡಿಯಿತು.

ಆ ದಿನಗಳ ಚರ್ಚೆ ಬಹುಪಾಲು ತಳಿಗಳ ಪಟ್ಟಿಯ ಸುತ್ತಲೇ ಸುತ್ತಿತು. ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ. ಮೂರು ನಾಯಿಗಳ ಮಿತಿ ಇರುವ ಊರಿನಲ್ಲಿ ಒಬ್ಬರ ಮನೆಯಲ್ಲಿ ಈಗಾಗಲೇ ನಾಲ್ಕು ಇವೆ ಎಂದಿಟ್ಟುಕೊಳ್ಳಿ. ಆ ನಾಲ್ಕನೆಯ ನಾಯಿ ಎಲ್ಲಿಗೆ ಹೋಗಬೇಕು? ಮಾಲೀಕರು ಅದನ್ನು ಬೀದಿಗೆ ಬಿಟ್ಟರೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನ ಪ್ರಕಾರ ಅಪರಾಧ. ಸಕಾರಣವಿಲ್ಲದೆ ಪ್ರಾಣಿಯನ್ನು ಹಸಿವು ನೀರಡಿಕೆಗೆ ಈಡಾಗುವಂತೆ ತೊರೆಯುವುದನ್ನು ಆ ಕಾಯ್ದೆ ಕ್ರೌರ್ಯ ಎಂದೇ ಕರೆಯುತ್ತದೆ. ಬಿಡದಿದ್ದರೆ ಬೈಲಾ ಉಲ್ಲಂಘನೆ. ಆಶ್ರಯಧಾಮಕ್ಕೆ ಒಯ್ಯೋಣವೆಂದರೆ ನಮ್ಮ ನಗರಗಳ ಆಶ್ರಯಧಾಮಗಳು ಯಾವಾಗಲೂ ತುಂಬಿರುತ್ತವೆ. ಒಂದು ಕಾನೂನನ್ನು ಪಾಲಿಸಲು ಇನ್ನೊಂದನ್ನು ಮುರಿಯಬೇಕಾದ ಸ್ಥಿತಿಗೆ ನಾಗರಿಕರನ್ನು ತಳ್ಳುವ ನಿಯಮವನ್ನು ಬರೆದವರು ಆ ನಾಲ್ಕನೆಯ ಪ್ರಾಣಿಯ ಬಗ್ಗೆ ಯೋಚಿಸಿಲ್ಲ ಎಂದೇ ಅರ್ಥ.

ಬೆಂಗಳೂರು ಒಂದೇ ಅಲ್ಲ. 2022ರಲ್ಲಿ ಉತ್ತರ ಪ್ರದೇಶದ ಕೆಲವು ನಗರಗಳಲ್ಲಿ ಪಿಟ್‌ಬುಲ್ ನಾಯಿಗಳ ದಾಳಿಗಳು ವರದಿಯಾದವು. ಲಖನೌದಲ್ಲಿ ವೃದ್ಧೆಯೊಬ್ಬರು ತಮ್ಮ ಮನೆಯ ನಾಯಿಯಿಂದಲೇ ಸತ್ತರು. ಅದೇ ವರ್ಷ ಗಾಜಿಯಾಬಾದ್ ನಗರಪಾಲಿಕೆ ಪಿಟ್‌ಬುಲ್, ರಾಟ್‌ವೈಲರ್, ಡೋಗೊ ಅರ್ಜೆಂಟಿನೊ ತಳಿಗಳನ್ನು ನಿಷೇಧಿಸಿತು, ಒಂದು ಕುಟುಂಬಕ್ಕೆ ಒಂದೇ ನಾಯಿ ಎಂದಿತು. ಚಂಡೀಗಢದ ನಿಯಮ ನಿವೇಶನದ ಅಳತೆ ನೋಡಿ ನಾಯಿಗಳ ಸಂಖ್ಯೆ ನಿಗದಿಪಡಿಸುವ ದಾರಿ ಹಿಡಿಯಿತು. ದೊಡ್ಡ ನಿವೇಶನಕ್ಕೆ ಹೆಚ್ಚು ನಾಯಿ, ಸಣ್ಣದಕ್ಕೆ ಕಡಿಮೆ. ಕೇಳುವಾಗ ಸರಿಯೆನಿಸುತ್ತದೆ. ಆದರೆ ದೊಡ್ಡ ಬಂಗಲೆಯ ಹಿತ್ತಲಿನಲ್ಲಿ ದಿನವಿಡೀ ಸರಪಳಿಯಲ್ಲಿ ನಿಂತಿರುವ ನಾಯಿಗೆ ಆ ಬಂಗಲೆಯ ಚದರಡಿಯಿಂದ ಆಗುವ ಉಪಯೋಗ ಏನೂ ಇಲ್ಲ.

ಇನ್ನು ಮಿತಿ ಬೇಕು ಎನ್ನುವವರ ಮಾತಿಗೆ ಬರುತ್ತೇನೆ. ಪ್ರಾಣಿಪ್ರಿಯರು ಈ ಮಾತನ್ನು ಕೇಳಿಸಿಕೊಳ್ಳಲು ಹಿಂಜರಿಯುತ್ತಾರೆ. ಕೇಳಿಸಿಕೊಳ್ಳಬೇಕು. ಗೋಡೆಗೆ ಗೋಡೆ ಅಂಟಿದ ಮನೆಗಳಲ್ಲಿ ಪಕ್ಕದವರ ನಾಲ್ಕು ನಾಯಿಗಳು ನಡುರಾತ್ರಿ ಒಟ್ಟಿಗೆ ಬೊಗಳಿದರೆ ಬೆಳಿಗ್ಗೆ ಪರೀಕ್ಷೆ ಬರೆಯಬೇಕಾದ ಮಗು ನಿದ್ದೆಗೆಡುತ್ತದೆ. ಲಿಫ್ಟಿನಲ್ಲಿ ದೊಡ್ಡ ನಾಯಿ ಕಂಡರೆ ನಡುಗುವ ಅಜ್ಜಿಯ ಭಯ ನಿಜವಾದದ್ದು. ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಹೆಚ್ಚುಕಡಿಮೆ ಅಸಾಧ್ಯ ಎಂಬುದು ಎಲ್ಲರಿಗೂ ಗೊತ್ತು. 2022ರ ಕೊನೆಯಲ್ಲಿ ಕರ್ನಾಟಕ ಸರ್ಕಾರ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿದ್ದು ಸುಮ್ಮನೆ ಅಲ್ಲ.

2025ರ ಫೆಬ್ರುವರಿಯಲ್ಲಿ ಪುಣೆಯ ಹಡಪ್ಸರದಲ್ಲಿ ಒಂದೇ ಫ್ಲ್ಯಾಟಿನಲ್ಲಿ 300ಕ್ಕೂ ಹೆಚ್ಚು ಬೆಕ್ಕುಗಳಿವೆ ಎಂಬ ದೂರು ದೇಶದ ಗಮನ ಸೆಳೆಯಿತು. ದುರ್ವಾಸನೆ ತಾಳಲಾರದ ನೆರೆಯವರು ದೂರು ಕೊಟ್ಟಿದ್ದರು. ಅಂತಹ ಜಾಗದಲ್ಲಿ ಏನಿರುತ್ತದೆ ಎಂದು ಪಶುವೈದ್ಯರಿಗೆ ಬಾಗಿಲು ತೆರೆದ ಕ್ಷಣವೇ ತಿಳಿಯುತ್ತದೆ. ಮೂತ್ರದ ಅಮೋನಿಯಾ ಮೊದಲು ಕಣ್ಣಿಗೆ ಹತ್ತುತ್ತದೆ, ಆಮೇಲೆ ಗಂಟಲಿಗೆ. ಬೆಕ್ಕುಗಳ ಕಣ್ಣುಗಳು ಪಿಸುರುಗಟ್ಟಿರುತ್ತವೆ, ಮೂಗು ಸುರಿಯುತ್ತಿರುತ್ತದೆ. ಒತ್ತೊತ್ತಾಗಿ ಬದುಕುವ ಬೆಕ್ಕುಗಳಲ್ಲಿ ಉಸಿರಾಟದ ಸೋಂಕು ಒಂದರಿಂದ ಇನ್ನೊಂದಕ್ಕೆ ಹರಡುತ್ತಲೇ ಇರುತ್ತದೆ. ಚುಚ್ಚುಮದ್ದು ಹಾಕಿಸದ ಮರಿಗಳು ಪ್ಯಾನ್‌ಲ್ಯುಕೊಪೀನಿಯಾ ಎಂಬ ಸೋಂಕಿನಿಂದ ಒಂದೆರಡು ದಿನಗಳಲ್ಲೇ ಸಾಯುತ್ತವೆ. ಕಿವಿಯ ಅಂಚಿನಲ್ಲಿ ಕಜ್ಜಿ. ಪ್ರೀತಿಯಿಂದಲೇ ಆರಂಭವಾದ ಸಾಕಣೆ ಹೀಗೂ ಆಗಬಹುದು.

ಈ ಸ್ಥಿತಿಯನ್ನು ಶಾಸ್ತ್ರೀಯವಾಗಿ ಅಧ್ಯಯನ ಮಾಡಿದವರಲ್ಲಿ ಅಮೆರಿಕದ ಪಶುವೈದ್ಯ ಗ್ಯಾರಿ ಪ್ಯಾಟ್ರೊನೆಕ್ ಪ್ರಮುಖರು. 1999ರಲ್ಲಿ ಅವರು ಪ್ರಕಟಿಸಿದ ಲೇಖನ ಇದನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ನೋಡಿತು. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಕೂಡ ಪ್ರಾಣಿಗಳನ್ನು ಒಟ್ಟುಗೂಡಿಸುತ್ತಲೇ ಹೋಗುವ ಈ ಪ್ರವೃತ್ತಿಯನ್ನು ಶೇಖರಣೆಯ ಕಾಯಿಲೆಯ ಜೊತೆಗೆ ಹೆಸರಿಸಿತು. ಪ್ಯಾಟ್ರೊನೆಕ್ ಅವರ ವಿವರಣೆಯಲ್ಲಿ ನಮಗೆ ಮುಖ್ಯವಾದದ್ದು ಒಂದಿದೆ. ‘ಇಷ್ಟು ಪ್ರಾಣಿ ದಾಟಿದರೆ ಕಾಯಿಲೆ’ ಎಂಬ ಲೆಕ್ಕ ಅಲ್ಲಿ ಇಲ್ಲ. ಪ್ರಾಣಿಗಳಿಗೆ ಕನಿಷ್ಠ ಆಹಾರ, ಸ್ವಚ್ಛತೆ, ವೈದ್ಯಕೀಯ ನೆರವು ಕೊಡಲಾಗದಿರುವುದು, ಪ್ರಾಣಿಗಳೂ ಮನೆಯವರೂ ಹದಗೆಡುತ್ತಿದ್ದರೂ ಅದನ್ನು ಗುರುತಿಸಲಾಗದಿರುವುದು, ಇವೇ ಅದರ ಗುರುತು. ಅಂಥವರಿಗೆ ಚಿಕಿತ್ಸೆ ಬೇಕು. ದಂಡ ಹಾಕಿ ಪ್ರಾಣಿಗಳನ್ನು ಒಯ್ದರೆ ಮತ್ತೆ ಹೊಸದಾಗಿ ಕೂಡಿಹಾಕಲು ತೊಡಗುವವರೇ ಹೆಚ್ಚು.

ಇಲ್ಲಿ ನಾನು ಕಂಡ ಎರಡು ಮನೆಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಬೇಕು. ಜಿಲ್ಲಾ ಕೇಂದ್ರವೊಂದರಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಹನ್ನೊಂದು ಬೆಕ್ಕು ಸಾಕಿದ್ದರು. ಹಿತ್ತಲಿಗೆ ಬಲೆ ಹಾಕಿಸಿದ್ದರು. ಮರಳಿನ ಟ್ರೇಗಳು ಸಾಲಾಗಿ, ಒಂದಕ್ಕೊಂದು ದೂರ. ಉದ್ದ ನೋಟ್‌ಬುಕ್ಕಿನಲ್ಲಿ ಪ್ರತಿ ಬೆಕ್ಕಿಗೆ ಒಂದು ಪುಟ: ಹೆಸರು, ಸಿಕ್ಕಿದ ದಿನ, ಚುಚ್ಚುಮದ್ದಿನ ದಿನ, ಜಂತುಹುಳುವಿನ ಔಷಧಿ, ಸಂತಾನಹರಣ ಶಸ್ತ್ರಚಿಕಿತ್ಸೆ ಆದ ದಿನ. ಒಂದು ಬೆಕ್ಕು ಊಟ ಬಿಟ್ಟ ದಿನವೂ ಅಲ್ಲಿ ದಾಖಲು. ಅವರ ಮೇಲೆ ದೂರು ಬಂದಿತ್ತು, ಸಂಖ್ಯೆಯ ಕಾರಣಕ್ಕೆ. ಅದೇ ಬಡಾವಣೆಯ ಇನ್ನೊಂದು ಮನೆಯಲ್ಲಿ ಒಂದೇ ನಾಯಿ. ಎರಡನೆಯ ಮಹಡಿಯ ಬಾಲ್ಕನಿಯಲ್ಲಿ ಮೊಳದುದ್ದದ ಹಗ್ಗ. ಸಿಮೆಂಟಿನ ಮೇಲೆ ಮಲಗಿ ಮಲಗಿ ಮೊಣಕೈಗಳಲ್ಲಿ ಕೂದಲುದುರಿ ಚರ್ಮ ದಪ್ಪಗಟ್ಟಿತ್ತು, ಕೊರಳ ಪಟ್ಟಿ ಚರ್ಮದೊಳಕ್ಕೆ ಇಳಿದು ಗಾಯ ಕೀವುಗಟ್ಟಿತ್ತು. ಉಗುರುಗಳು ಬೆಳೆದು ಸುರುಳಿಯಾಗಿದ್ದವು, ಅಂದರೆ ಅದನ್ನು ನಡೆದಾಡಿಸಿಯೇ ಇರಲಿಲ್ಲ. ಆ ಮನೆಯ ಮೇಲೆ ಯಾವ ದೂರೂ ಇರಲಿಲ್ಲ. ಸಂಖ್ಯೆಯ ಕಾನೂನು ಮೊದಲನೆಯ ಮನೆಯ ಬಾಗಿಲು ತಟ್ಟುತ್ತದೆ, ಎರಡನೆಯದನ್ನು ದಾಟಿ ಹೋಗುತ್ತದೆ. ನನ್ನ ಆಕ್ಷೇಪ ಇರುವುದು ಇಲ್ಲಿ.

ಹಾಗಾದರೆ ಆಡಳಿತಗಳು ಸಂಖ್ಯೆಗೇ ಏಕೆ ಅಂಟಿಕೊಳ್ಳುತ್ತವೆ? ಎಣಿಸುವುದು ಸುಲಭ. ಪಶುವೈದ್ಯರಿಲ್ಲದ ವಾರ್ಡ್ ಕಚೇರಿಯ ಸಿಬ್ಬಂದಿಯೂ ಎಣಿಸಬಲ್ಲರು. ಆರೈಕೆ ಅಳೆಯಲು ಕಣ್ಣು ಪಳಗಿರಬೇಕು, ಸಮಯ ಬೇಕು, ಮನೆಯೊಳಗೆ ಹೋಗಲು ಅಧಿಕಾರ ಬೇಕು. ಈ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ.

ಈಗ ಹೊರದೇಶಗಳತ್ತ ನೋಡೋಣ. ಬೀಜಿಂಗ್ ನಗರ 2003ರ ನಿಯಮದ ಮೂಲಕ ನಗರದ ಮುಖ್ಯ ಪ್ರದೇಶಗಳಲ್ಲಿ ಮನೆಗೊಂದೇ ನಾಯಿ ಎಂದಿತು, 35 ಸೆಂಟಿಮೀಟರಿಗಿಂತ ಎತ್ತರದ ನಾಯಿಗಳನ್ನು ಅಲ್ಲಿಂದ ಹೊರಗಿಟ್ಟಿತು. 2011ರಲ್ಲಿ ಶಾಂಘೈ ಕೂಡ ಮನೆಗೊಂದೇ ನಾಯಿ ಎಂಬ ನಿಯಮ ತಂದಿತು. ಅಮೆರಿಕದಲ್ಲಿ ಇಂಥ ಮಿತಿಗಳನ್ನು ಸಣ್ಣ ಪಟ್ಟಣಗಳ ಕೌನ್ಸಿಲುಗಳೇ ಮಾಡುತ್ತವೆ. ಹಾಗಾಗಿ ಒಂದು ಊರಲ್ಲಿ ಎರಡು, ಪಕ್ಕದ ಊರಲ್ಲಿ ಐದು. ಅವುಗಳನ್ನು ಪ್ರಶ್ನಿಸಿದ ಮೊಕದ್ದಮೆಗಳಲ್ಲಿ ಎರಡನ್ನು ಕಾನೂನು ವಿದ್ಯಾರ್ಥಿಗಳಿಗಾಗಿ ಹೇಳುತ್ತೇನೆ, ಏಕೆಂದರೆ ಅವು ಒಂದಕ್ಕೊಂದು ಎದುರು ನಿಲ್ಲುತ್ತವೆ.

ಪೆನ್ಸಿಲ್ವೇನಿಯಾದ ಕಾರ್ನೆಗಿ ಎಂಬ ಪುಟ್ಟ ಪಟ್ಟಣದಲ್ಲಿ ಒಂದು ಮನೆಯಲ್ಲಿ ಐದಕ್ಕಿಂತ ಹೆಚ್ಚು ನಾಯಿ ಅಥವಾ ಬೆಕ್ಕು ಇರಬಾರದು ಎಂಬ ನಿಯಮವಿತ್ತು. ಬೆಕ್ಕುಗಳನ್ನು ಸಾಕಿದ್ದ ಮಹಿಳೆಯೊಬ್ಬರಿಗೆ ಅದರಡಿ ಶಿಕ್ಷೆಯಾಯಿತು, ಅವರು ಮೇಲ್ಮನವಿ ಸಲ್ಲಿಸಿದರು. 1994ರಲ್ಲಿ ಮೇಲಿನ ನ್ಯಾಯಾಲಯ ಆ ಶಿಕ್ಷೆಯ ಆದೇಶವನ್ನು ಬದಿಗಿಟ್ಟು ಪ್ರಕರಣವನ್ನು ಕೆಳಗೆ ಮರಳಿಸಿತು. ಆರೋಗ್ಯ, ಸುರಕ್ಷತೆಗಾಗಿ ಎಂದು ನಿಯಮದ ಪೀಠಿಕೆಯಲ್ಲಿ ಬರೆದಿದ್ದರೆ ಸಾಲದು. ಐದು ಎಂಬ ಮಿತಿಗೂ ಆ ಉದ್ದೇಶಕ್ಕೂ ನಿಜವಾದ ಸಂಬಂಧವಿದೆ ಎಂದು ತೋರಿಸುವ ವಿಚಾರಣೆಯೇ ಕೆಳಗಿನ ನ್ಯಾಯಾಲಯದಲ್ಲಿ ನಡೆದಿಲ್ಲ ಎಂಬುದು ಅದರ ನಿಲುವು. ಮೂರು ವರ್ಷದ ಬಳಿಕ, 1997ರಲ್ಲಿ, ಮಿನೆಸೋಟದ ಸಾಕ್ ರ‍್ಯಾಪಿಡ್ಸ್ ಪಟ್ಟಣದ ಎರಡು ನಾಯಿಗಳ ಮಿತಿ ಅಲ್ಲಿನ ಮೇಲ್ಮನವಿ ನ್ಯಾಯಾಲಯದ ಮುಂದೆ ಬಂತು. ಕೆಳಗಿನ ನ್ಯಾಯಾಲಯ ಅದನ್ನು ಅಸಾಂವಿಧಾನಿಕ ಎಂದಿತ್ತು. ಮೇಲಿನ ನ್ಯಾಯಾಲಯ ಆ ತೀರ್ಪನ್ನು ತಿರುವಿ ನಿಯಮವನ್ನು ಎತ್ತಿಹಿಡಿಯಿತು. ನಾಯಿ ಹೆಚ್ಚಿದಂತೆ ಗದ್ದಲ, ವಾಸನೆ ಹೆಚ್ಚಬಹುದು. ಗೆರೆ ಎಲ್ಲಿ ಎಳೆಯಬೇಕು ಎಂಬುದು ಚುನಾಯಿತ ಕೌನ್ಸಿಲಿಗೆ ಬಿಟ್ಟದ್ದು ಎಂಬುದು ಈ ದಾರಿಯ ತರ್ಕ.

ಮಿನೆಸೋಟದ ತರ್ಕ ಕಾನೂನಿನ ದೃಷ್ಟಿಯಿಂದ ದುರ್ಬಲವೇನಲ್ಲ. ಆದರೂ ನಾನು ಪೆನ್ಸಿಲ್ವೇನಿಯಾದ ಪಕ್ಕ ನಿಲ್ಲುತ್ತೇನೆ. ಮನೆಯೊಳಗಿನ ಬದುಕಿಗೆ ಕೈಹಾಕುವ ಸರ್ಕಾರ ತಾನು ಆರಿಸಿದ ಅಂಕಿಗೆ ಕಾರಣ ಕೊಡಲೇಬೇಕು. ಇಲ್ಲಿ ನಮ್ಮ ಹೈಕೋರ್ಟಿನ ಒಂದು ತೀರ್ಪನ್ನು ಸೇರಿಸುವುದು ಸರಿ. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 23 ನಾಯಿ ತಳಿಗಳನ್ನು ಅಪಾಯಕಾರಿ ಎಂದು ಹೆಸರಿಸಿ ಅವುಗಳ ಸಾಕಣೆ, ಮಾರಾಟ ನಿಷೇಧಿಸುವಂತೆ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಏಪ್ರಿಲಿನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದು ತಪ್ಪು, ಬೇಕಿದ್ದರೆ ಎಲ್ಲರ ಮಾತು ಕೇಳಿ ಹೊಸದಾಗಿ ಮಾಡಬಹುದು ಎಂದಿತು. ಅದು ತಳಿಗಳ ವಿಷಯ, ನಿಜ. ಆದರೆ ಸಂಖ್ಯೆಯ ಮಿತಿಗೂ ಅದೇ ಪರೀಕ್ಷೆ ಅನ್ವಯಿಸಬೇಕು.

ಬ್ರಿಟನ್ನಿನ ದಾರಿ ಬೇರೆ. ಅಲ್ಲಿ ಮನೆಯೊಂದಕ್ಕೆ ಇಷ್ಟೇ ಪ್ರಾಣಿ ಎಂಬ ದೇಶವ್ಯಾಪಿ ಮಿತಿ ಇಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ಗಾಗಿ 2006ರಲ್ಲಿ ಬಂದ ಪ್ರಾಣಿ ಕಲ್ಯಾಣ ಕಾಯ್ದೆ ಸಾಕುವವರ ಮೇಲೆ ಕರ್ತವ್ಯ ಹೊರಿಸುತ್ತದೆ: ತಕ್ಕ ವಾಸಸ್ಥಳ, ತಕ್ಕ ಆಹಾರ, ಸಹಜ ನಡವಳಿಕೆಗೆ ಅವಕಾಶ, ಇತರ ಪ್ರಾಣಿಗಳ ಜೊತೆಗೋ ಪ್ರತ್ಯೇಕವಾಗಿಯೋ ಇರಬೇಕಾದಂತೆ ಇರಿಸುವುದು, ನೋವು ಮತ್ತು ರೋಗದಿಂದ ರಕ್ಷಣೆ. ಒಂದಿರಲಿ ಹತ್ತಿರಲಿ, ಈ ಐದರಲ್ಲಿ ಒಂದು ತಪ್ಪಿದರೂ ಕಾನೂನು ಮಧ್ಯೆ ಬರಬಹುದು. ನಮ್ಮ 1960ರ ಕಾಯ್ದೆಯ 3ನೆಯ ಕಲಮು ಕೂಡ ಪ್ರಾಣಿಯ ಯೋಗಕ್ಷೇಮಕ್ಕೆ ಎಲ್ಲ ಸೂಕ್ತ ಕ್ರಮ ಕೈಗೊಳ್ಳುವುದು ಅದರ ಹೊಣೆ ಹೊತ್ತವರ ಕರ್ತವ್ಯ ಎನ್ನುತ್ತದೆ. ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆಯ ಫಲವಾಗಿ ಬಂದ ಆ ಕಾಯ್ದೆಯಲ್ಲಿ ಮೊದಲ ಅಪರಾಧಕ್ಕೆ ದಂಡ ಇಂದಿಗೂ 10ರಿಂದ 50 ರೂಪಾಯಿ. ಆ ಬಾಲ್ಕನಿಯ ನಾಯಿಯ ಗಾಯಕ್ಕೆ ಹಚ್ಚುವ ಮುಲಾಮಿನ ಬೆಲೆ ಅದಕ್ಕಿಂತ ಹೆಚ್ಚು.

ಸಂಖ್ಯೆಯ ಮಿತಿಯನ್ನು ಒಪ್ಪಿಕೊಂಡೂ ಅದನ್ನು ಮೃದುವಾಗಿ ಜಾರಿಗೆ ತಂದ ಉದಾಹರಣೆ ಸಿಂಗಪುರದಲ್ಲಿದೆ. ಅಲ್ಲಿನ ಬಹುಪಾಲು ಜನ ವಾಸಿಸುವ ಸರ್ಕಾರಿ ವಸತಿ ಮಂಡಳಿಯ ಫ್ಲ್ಯಾಟುಗಳಲ್ಲಿ ಬೆಕ್ಕು ಸಾಕುವುದು ದಶಕಗಳ ಕಾಲ ನಿಷಿದ್ಧವಾಗಿತ್ತು. ಜನ ಕದ್ದುಮುಚ್ಚಿ ಸಾಕುತ್ತಲೇ ಇದ್ದರು. 2024ರ ಸೆಪ್ಟೆಂಬರ್ 1ರಿಂದ ಫ್ಲ್ಯಾಟಿಗೆ ಎರಡು ಬೆಕ್ಕು ಎಂದು ಅನುಮತಿಸಿ, ಲೈಸೆನ್ಸ್ ಮತ್ತು ಮೈಕ್ರೋಚಿಪ್ ಕಡ್ಡಾಯ ಮಾಡಿದರು. ಆಗಲೇ ಎರಡಕ್ಕಿಂತ ಹೆಚ್ಚು ಇದ್ದವರಿಗೆ ಎರಡು ವರ್ಷದ ಅವಧಿ ಕೊಟ್ಟು, ಅದರೊಳಗೆ ನೋಂದಾಯಿಸಿದರೆ ಎಲ್ಲವನ್ನೂ ಇಟ್ಟುಕೊಳ್ಳಬಹುದು ಎಂದರು. ಸಂತಾನಹರಣ ಮಾಡಿಸಿದ ಬೆಕ್ಕುಗಳಿಗೆ ಆ ಅವಧಿಯಲ್ಲಿ ಲೈಸೆನ್ಸ್ ಉಚಿತ. ನಾಲ್ಕನೆಯ ಪ್ರಾಣಿ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಅವರ ಉತ್ತರ: ಇದ್ದಲ್ಲೇ ಇರಲಿ, ಲೆಕ್ಕಕ್ಕೆ ಬರಲಿ, ಐದನೆಯದು ಹುಟ್ಟದಿರಲಿ.

ಇದು ನನ್ನನ್ನು ಉಪನ್ಯಾಸದ ಕೊನೆಯ ಭಾಗಕ್ಕೆ ತರುತ್ತದೆ. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಒಂದು ಪಾಲಿಕೆಯ ಜಾಗಕ್ಕೆ ಐದು ನಗರಪಾಲಿಕೆಗಳು ಬಂದವು. ಸಾಕುಪ್ರಾಣಿಗಳ ನಿಯಮ ಮತ್ತೆ ಇವುಗಳ ಮೇಜಿಗೆ ಬರುವುದು ಖಂಡಿತ. ಆಗ ಏನು ಬರೆಯಬೇಕು?

ಸಂಖ್ಯೆಯನ್ನು ಪೂರ್ತಿ ಕೈಬಿಡಿ ಎಂದು ನಾನು ಹೇಳುವುದಿಲ್ಲ. ಒಂದು ಸಂಖ್ಯೆ ಇರಲಿ, ಮೂರೋ ನಾಲ್ಕೋ. ಅದು ಪ್ರಾಣಿಯನ್ನು ಹೊರಹಾಕುವ ಗೆರೆ ಆಗದೆ ಪರಿಶೀಲನೆ ಆರಂಭವಾಗುವ ಗೆರೆ ಆಗಲಿ. ಅದನ್ನು ದಾಟಿದ ಮನೆಯವರು ಪ್ರತಿ ಪ್ರಾಣಿಯ ಚುಚ್ಚುಮದ್ದು, ಸಂತಾನಹರಣದ ದಾಖಲೆ ತೋರಿಸಲಿ, ಪಶುವೈದ್ಯರು ವರ್ಷಕ್ಕೊಮ್ಮೆ ಮನೆ ನೋಡಲಿ. ಆ ಶಿಕ್ಷಕಿಯ ನೋಟ್‌ಬುಕ್ಕಿನಂಥದ್ದು ಇದ್ದರೆ ಹನ್ನೊಂದಕ್ಕೂ ಅನುಮತಿ ಕೊಡಬಹುದು.

ಸಂತಾನಹರಣಕ್ಕೆ ನಾನು ಇಷ್ಟು ಒತ್ತು ಕೊಡಲು ಕಾರಣವಿದೆ. ಹೆಣ್ಣು ಬೆಕ್ಕು ಐದಾರು ತಿಂಗಳಿಗೇ ಗಬ್ಬವಾಗಬಲ್ಲದು. ಗಬ್ಬದ ಅವಧಿ ಸುಮಾರು ಎರಡು ತಿಂಗಳು. ವರ್ಷಕ್ಕೆ ಎರಡು ಮೂರು ಸೂಲು ಸಾಮಾನ್ಯ. ಎರಡು ಬೆಕ್ಕು ಇಪ್ಪತ್ತಾಗಲು ಮನೆಯವರು ಏನೂ ಮಾಡಬೇಕಿಲ್ಲ, ಸುಮ್ಮನಿದ್ದರೆ ಸಾಕು. ಎಣಿಸಿ ದಂಡ ಹಾಕುವ ಹಣವನ್ನು ವಾರ್ಡ್ ಮಟ್ಟದಲ್ಲಿ ಅಗ್ಗದ ಶಸ್ತ್ರಚಿಕಿತ್ಸೆಗೆ ಹಾಕಿದರೆ ಸಂಖ್ಯೆ ತಾನಾಗಿಯೇ ಇಳಿಯುತ್ತದೆ. ಬರೀ ಸಂಖ್ಯೆಯ ಮಿತಿಯಿಂದ ಇನ್ನೊಂದು ಕೇಡೂ ಇದೆ. ಮಿತಿಗೆ ಹೆದರಿ ಬಚ್ಚಿಟ್ಟ ನಾಯಿಗೆ ಲೈಸೆನ್ಸ್ ಇರುವುದಿಲ್ಲ, ಮಾಲೀಕರು ಅದನ್ನು ಚುಚ್ಚುಮದ್ದಿನ ಶಿಬಿರಕ್ಕೂ ತರುವುದಿಲ್ಲ. ರೇಬೀಸ್ ತಡೆಯಲು ನಾಯಿಗಳಲ್ಲಿ ಕನಿಷ್ಠ ಶೇಕಡಾ 70ಕ್ಕೆ ಲಸಿಕೆ ತಲುಪಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವಾಗ, ನಾಯಿಗಳನ್ನು ಬಚ್ಚಿಡಿಸುವ ನಿಯಮ ಸಾರ್ವಜನಿಕ ಆರೋಗ್ಯಕ್ಕೇ ಎದುರಾಗಿ ನಿಲ್ಲುತ್ತದೆ.

ನೆರೆಯವರ ತೊಂದರೆಗೆ ನೇರ ಪರಿಹಾರ ಇರಬೇಕು. ರಾತ್ರಿಯ ಬೊಗಳು, ಮೆಟ್ಟಿಲ ಮೇಲಿನ ಹೇಲು, ಹಗ್ಗವಿಲ್ಲದೆ ಬಿಟ್ಟ ನಾಯಿ: ಇವನ್ನು ಒಂದೊಂದಾಗಿ ಹೆಸರಿಸಿ, ದೂರು ಬಂದ ಇಷ್ಟು ದಿನಗಳಲ್ಲಿ ಅಧಿಕಾರಿ ಬಂದು ನೋಡಬೇಕು ಎಂದು ನಿಯಮ ಹೇಳಲಿ. ಒಂದೇ ನಾಯಿ ಇರುವವರಿಗೂ ಅದು ಅನ್ವಯಿಸಲಿ. ಹೀಗಾದರೆ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನುಗಳು ತಾವೇ ನಿಷೇಧ ಹೇರಲು ಹೊರಡುವ ಅಗತ್ಯವೂ ಕಡಿಮೆಯಾಗುತ್ತದೆ. ಬಹುಮತವಿದ್ದರೂ ಅಸೋಸಿಯೇಷನ್ನುಗಳು ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ. 2021ರಲ್ಲಿ ಕೇರಳ ಹೈಕೋರ್ಟ್ ಕೂಡ ಇದೇ ಮಾತು ಹೇಳಿತು.

ಮರಿ ಮಾಡಿಸಿ ಮಾರುವವರನ್ನು ಮನೆಯಲ್ಲಿ ಸಾಕುವವರ ಜೊತೆ ಒಂದೇ ಲೆಕ್ಕದಲ್ಲಿ ಸೇರಿಸಬೇಡಿ. ಅವರಿಗೆ 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳಿವೆ, ನೋಂದಣಿ ಕಡ್ಡಾಯ. ಅವನ್ನು ಜಾರಿಗೆ ತಂದರೆ ಸಾಕು. ಹಾಗೆಯೇ ಬೀದಿಯಿಂದ ತಂದ ಗಾಯಾಳು ಪ್ರಾಣಿಗೆ ಗುಣವಾಗುವವರೆಗೆ ಜಾಗ ಕೊಡುವವರಿಗೆ ತಾತ್ಕಾಲಿಕ ಆಶ್ರಯದ ಬೇರೆ ಕಲಮು ಇರಲಿ. 2023ರ ಗಣತಿಯಲ್ಲಿ ಬೆಂಗಳೂರಿನ ಬೀದಿನಾಯಿಗಳು ಸುಮಾರು 2.79 ಲಕ್ಷ ಎಂದು ಎಣಿಸಿದ ನಗರ, ಅವುಗಳಲ್ಲಿ ಒಂದನ್ನು ಮನೆಗೆ ಕರೆದೊಯ್ದವರನ್ನು ದಂಡಿಸುವುದು ಯಾವ ಲೆಕ್ಕದಲ್ಲೂ ಸರಿಹೋಗದು.

ವಿದ್ಯಾರ್ಥಿಗಳಿಗೆ ಒಂದು ಕೋರಿಕೆ. ಇಂಥ ಬೈಲಾಗಳನ್ನು ಅಂತಿಮಗೊಳಿಸುವ ಮೊದಲು ಕರಡು ಪ್ರಕಟಿಸಿ ಸಾರ್ವಜನಿಕರಿಂದ ಆಕ್ಷೇಪಣೆ ಕರೆಯುತ್ತಾರೆ. ಆ ಪ್ರಕಟಣೆ ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ, ಯಾರ ಗಮನಕ್ಕೂ ಬಾರದೆಯೇ ಕೊಟ್ಟ ಗಡುವು ಮುಗಿದುಹೋಗುತ್ತದೆ. ಅದನ್ನು ಹುಡುಕಿ ಓದಿ. ಸಂಖ್ಯೆ ಬರೆದ ಕಲಮಿನ ಎದುರು, ಈ ಅಂಕಿಗೆ ಆಧಾರವೇನು, ಮಿತಿ ದಾಟಿ ಈಗಾಗಲೇ ಇರುವ ಪ್ರಾಣಿಗೆ ಯಾವ ಜಾಗ ಗೊತ್ತುಮಾಡಿದ್ದೀರಿ ಎಂದು ಲಿಖಿತವಾಗಿ ಕೇಳಿ, ಸ್ವೀಕೃತಿ ಪತ್ರ ಪಡೆದುಕೊಳ್ಳಿ.